ಎಲ್ಲ ಬೋರ್ಡಿಗೂ ಹ್ಯಾಶ್ ಕೊಡಬೇಡಿ

ತೋಟದ ಐದೂ ಇಎಸ್‌ಪಿ8266 ಬೋರ್ಡುಗಳನ್ನು (ವೈಫೈ ಇರುವ ಪುಟ್ಟ ಕಂಟ್ರೋಲರ್‌ಗಳು) ಬರೀ # ಗೆ, ಅಂದರೆ ಎಲ್ಲ ಸಂದೇಶವೂ ಬರಲೆಂದು, ಸಬ್‌ಸ್ಕ್ರೈಬ್ ಮಾಡಿಸಿ, ಬಂದ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ) ಒಳಗೆ "ಬಾವಿ" ಇದೆಯೇ ಎಂದು ಹುಡುಕಿಸುತ್ತಿದ್ದೀರಿ. ಸಂಪರ್ಕ ಪದೇ ಪದೇ ಕಡಿಯುತ್ತಿದೆ, ರೂಟರ್ ಬದಲಿಸಲೇ ಎಂದು ಬೇರೆ ಕೇಳಿದ್ದೀರಿ. ದಯವಿಟ್ಟು ರೂಟರಿಗೆ ದುಡ್ಡು ಸುರಿಯಬೇಡಿ. ನಾನೂ ಮೊದಲು ಹೀಗೇ ಬರೆದವನು.

ಎಂಕ್ಯೂಟಿಟಿ ಎಂದರೆ ಇಂಥ ಬೋರ್ಡುಗಳು ಸಂದೇಶ ಹಂಚಿಕೊಳ್ಳುವ ವಿಧಾನ. ಅದರಲ್ಲಿ ಸಂದೇಶ ಹಂಚುವ ಸರ್ವರ್, ಅಂದರೆ ಬ್ರೋಕರ್, ಪೇಲೋಡ್ (ಸಂದೇಶದ ಒಳಗಿನ ವಿಷಯ) ಬಿಚ್ಚಿ ನೋಡುವುದಿಲ್ಲ. ಯಾರಿಗೆ ಏನು ಬೇಕೆಂದು ಅದಕ್ಕೆ ಗೊತ್ತಾಗುವುದು ಸಂದೇಶದ ವಿಳಾಸವಾದ ಟಾಪಿಕ್‌ನಿಂದಲೇ. ಆದ್ದರಿಂದ ಆರಿಸಲು ಬೇಕಾದದ್ದನ್ನೆಲ್ಲ ಟಾಪಿಕ್‌ನಲ್ಲೇ ಇಡಿ. ನನ್ನದು ತೋಟ/ಬಾವಿ/ಮೋಟಾರ್/ಸ್ಥಿತಿ, ತೋಟ/ಬಾವಿ/ಮೋಟಾರ್/ಆದೇಶ ಎಂದು ಬೇರೆ ಬೇರೆ. ಬಾವಿಯ ಬೋರ್ಡ್ ಆದೇಶವೊಂದನ್ನೇ ಕೇಳುತ್ತದೆ. ಎಲ್ಲ ಕಡೆಯ ತೇವಾಂಶ ಬೇಕಾದ ಮನೆಯ ಪರದೆಗೆ ತೋಟ/+/ಮಣ್ಣು/ತೇವಾಂಶ ಸಾಕು. / ಗಳ ನಡುವಿನ ಒಂದೊಂದು ಪದವೂ ಒಂದು ಹಂತ. + ಯಾವುದೇ ಒಂದೇ ಹಂತಕ್ಕೆ, # ಉಳಿದೆಲ್ಲ ಹಂತಗಳಿಗೆ, ಅದೂ ಕೊನೆಯಲ್ಲಿ ಮಾತ್ರ. ಟಾಪಿಕ್ ಶುರುವಿಗೇ / ಹಾಕುವ ಚಟ ಬಿಡಿ. ಖಾಲಿ ಹಂತವೊಂದು ಹುಟ್ಟಿ + ಲೆಕ್ಕ ತಪ್ಪುತ್ತದೆ.

ಇನ್ನು ರಿಟೇನ್, ಅಂದರೆ ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಂಡು ಹೊಸದಾಗಿ ಕೇಳುವವರಿಗೆ ಕೊಡಲಿ ಎಂದು ಹಾಕುವ ಗುರುತು. ಮೋಟಾರ್ ಸುಡುವುದು ಇಲ್ಲಿಯೇ. ಸ್ಥಿತಿಗೆ ರಿಟೇನ್ ಇರಲಿ, ಆದೇಶಕ್ಕೆ ಖಂಡಿತ ಬೇಡ. ನಮ್ಮಲ್ಲಿ ರಾತ್ರಿ ಹೋದ ಕರೆಂಟ್ ಬೆಳಗಿನ ಜಾವ ಬಂತು. ಬೋರ್ಡ್ ಮರಳಿ ಸೇರಿದ ಕೂಡಲೇ ಬ್ರೋಕರ್ ನಿನ್ನೆಯ "ಆನ್" ಅನ್ನು ಕೈಗಿತ್ತಿತು, ನೀರಿಲ್ಲದ ಬಾವಿಯಲ್ಲಿ ಪಂಪ್ ಒಣಗಿ ಓಡಿತು. ಅದು ಹಳೆಯ ಆದೇಶವೆಂದು ಬೋರ್ಡಿಗೆ ಹೇಗೆ ತಿಳಿಯಬೇಕು? ಬೋರ್ಡಿನ ಪಬ್‌ಸಬ್‌ಕ್ಲೈಂಟ್ ಲೈಬ್ರರಿಯ ಕಾಲ್‌ಬ್ಯಾಕ್‌ಗೆ (ಸಂದೇಶ ಬಂದಾಗ ಓಡುವ ಫಂಕ್ಷನ್) ಟಾಪಿಕ್, ಪೇಲೋಡ್, ಉದ್ದ ಇಷ್ಟೇ ಬರುತ್ತವೆ, ರಿಟೇನ್ ಗುರುತು ಬರುವುದಿಲ್ಲ. ಈಗಾಗಲೇ ಹಾಗೆ ಕಳಿಸಿದ್ದರೆ ಅದೇ ಟಾಪಿಕ್‌ಗೆ ಖಾಲಿ ಸಂದೇಶವನ್ನು ರಿಟೇನ್ ಹಾಕಿ ಕಳಿಸಿ ಅಳಿಸಿಬಿಡಿ. ನೀವು # ಕೇಳುತ್ತಿರುವುದರಿಂದ ಪ್ರತಿ ಬಾರಿ ಸೇರಿದಾಗಲೂ ಇಡೀ ತೋಟದ ರಿಟೇನ್ ಸಂದೇಶಗಳು ಆ ಪುಟ್ಟ ಬೋರ್ಡಿನ ಮೇಲೆ ಸುರಿಯುತ್ತವೆ. ಜೊತೆಗೆ ಆ ಲೈಬ್ರರಿಯ ಬಫರ್ (ಸಂದೇಶ ಹಿಡಿದಿಡುವ ಜಾಗ) ಮೊದಲಿಗೆ ಬರೀ 256 ಬೈಟ್. ಅದನ್ನು ಮೀರಿದ ಸಂದೇಶವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಮ್ಮ ಉದ್ದುದ್ದ ಜೇಸನ್ "ಆಗಾಗ ಬರುವುದಿಲ್ಲ" ಎಂಬುದರ ಗುಟ್ಟು ಬಹುಶಃ ಇದೇ.

ಬ್ರೋಕರ್ ಯಾವುದು ಎಂದರೆ, ಮನೆಯ ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮಾಸ್ಕಿಟೋ ಎಂಬ ಬ್ರೋಕರ್ ತಂತ್ರಾಂಶ ಧಾರಾಳ; ತಿಂಗಳ ಬಾಡಿಗೆಯ ಕ್ಲೌಡ್ ಯಾಕೆ? 2.0 ಆವೃತ್ತಿಯಿಂದೀಚೆಗೆ ಅದರ ಸೆಟ್ಟಿಂಗ್ ಕಡತದಲ್ಲಿ ಲಿಸನರ್ (ಯಾವ ಪೋರ್ಟ್‌ನಲ್ಲಿ ಕೇಳಬೇಕೆಂಬ ಸಾಲು) ಬರೆಯದಿದ್ದರೆ ಹೊರಗಿನ ಬೋರ್ಡನ್ನು ಅದು ಒಳಗೆ ಬಿಡುವುದಿಲ್ಲ, ನೆನಪಿರಲಿ. ಉಚಿತ ಸಾರ್ವಜನಿಕ ಬ್ರೋಕರ್ ಮೇಲೆ ಮೋಟಾರ್ ಆದೇಶ ಇಟ್ಟವರನ್ನೂ ಈ ಗುಂಪಿನಲ್ಲೇ ನೋಡಿದ್ದೇನೆ. ಅಲ್ಲಿ ದಾರಿಹೋಕರೂ ನಿಮ್ಮ ಪಂಪ್ ಹಾಕಬಲ್ಲರು!

ಇನ್ನು ಸಂಪರ್ಕ ಕಡಿಯುವ ವಿಷಯ: ಐದು ಬೋರ್ಡಿಗೂ ಒಂದೇ ಕ್ಲೈಂಟ್ ಐಡಿ (ಬೋರ್ಡ್ ಬ್ರೋಕರ್‌ಗೆ ಹೇಳುವ ತನ್ನ ಹೆಸರು) ಬರೆದಿದ್ದೀರಲ್ಲ! ಒಂದು ಒಳಬಂದರೆ ಅದೇ ಐಡಿಯ ಇನ್ನೊಂದನ್ನು ಬ್ರೋಕರ್ ಹೊರದಬ್ಬುತ್ತದೆ, ಅದು ಮತ್ತೆ ನುಗ್ಗಿ ಇದನ್ನು ದಬ್ಬಿಸುತ್ತದೆ. ಐಡಿಯ ಕೊನೆಗೆ ಆಯಾ ಬೋರ್ಡಿನ ಮ್ಯಾಕ್ ವಿಳಾಸ (ಅದರ ವೈಫೈ ಚಿಪ್‌ನ ತನ್ನದೇ ಸಂಖ್ಯೆ) ಸೇರಿಸಿ ಮತ್ತೆ ಓಡಿಸಿ ನೋಡಿ.