ಏಜೆಂಟ್ ‘ಎಲ್ಲಾ ಸರಿ ಇದೆ’ ಅಂದ್ರೆ ನಂಬೋದಾ?

ಪ್ರಶ್ನೆ: ನಮ್ದು ಸಣ್ಣ ಟೀಮ್ ರೀ ಸರ, ಸರ್ವರ್ ಅಳತಿ ಕೂಡಿಡೋ ಪ್ರೊಮೀಥಿಯಸ್, ಅದನ್ನ ಗ್ರಾಫ್ ಮಾಡಿ ತೋರ್ಸೋ ಗ್ರಫಾನಾ ಎಲ್ಲಾ ಐತಿ. ಆ್ಯಪ್ ಸ್ಲೋ ಆದಾಗ ಡ್ಯಾಶ್‌ಬೋರ್ಡಿಂದ ಸಿಎಸ್‌ವಿ ಇಳಿಸಿ ಎಐ ಚಾಟ್‌ಗೆ ಹಾಕ್ತೀನಿ, ಒಮ್ಮೆ ಒಂದ್ ನಂಬರ್ ಹೇಳ್ತದ, ಮತ್ತೊಮ್ಮೆ ಬ್ಯಾರೆನೇ ಹೇಳ್ತದ. ತಾನೇ ಟೂಲ್ ಬಳಸೋ ಎಐ ಏಜೆಂಟನ್ನ ನೇರ ಮೆಟ್ರಿಕ್ಸ್‌ಗೆ (ಆ ಅಳತಿಗಳಿಗೆ) ಜೋಡಿಸಿದ್ರ ಸರಿ ಹೋಗ್ತದೇನ್ರೀ?
– ಹುಬ್ಬಳ್ಳಿಯ ಓದುಗರು

ಉತ್ತರ: ಅರ್ಧ ಸರಿ ಹೋಗತ್ತೆ. ಮೊದ್ಲು ಆ ಸಿಎಸ್‌ವಿ ಸುರಿಯೋದು ನಿಲ್ಸಿ. 15 ಸೆಕೆಂಡಿಗೊಂದ್ಸಲ ಸ್ಕ್ರೇಪ್ ಆಗೋ, ಅಂದ್ರೆ ಪ್ರೊಮೀಥಿಯಸ್ ಓದ್ಕೊಂಡು ಬರೋ, ಒಂದೇ ಸೀರೀಸು (ಒಂದು ಅಳತೆಯ ಸಾಲು) ದಿನಕ್ಕೆ 5,760 ಪಾಯಿಂಟ್ ಆಗತ್ತೆ, ಅಂಥವು ಇನ್ನೂರಿದ್ರೆ ಹನ್ನೊಂದು ಲಕ್ಷ ದಾಟತ್ತೆ, ಅಷ್ಟನ್ನೂ ಓದಿ ಕೂಡಿ ಕಳೆಯೋದು ಲ್ಯಾಂಗ್ವೇಜ್ ಮಾಡೆಲ್ ಕೈಲಾಗೋ ಕೆಲ್ಸ ಅಲ್ಲ. ಲೆಕ್ಕ ಪ್ರೊಮೀಥಿಯಸ್ ಮಾಡ್ಲಿ, ಏನ್ ಕೇಳ್ಬೇಕು ಅನ್ನೋದನ್ನ ಏಜೆಂಟ್ ಯೋಚಿಸ್ಲಿ. ಜೋಡಿಸೋಕೆ ಈಗ ಚಾಲ್ತೀಲಿರೋದು ಎಂಸಿಪಿ, ಅಂದ್ರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, 2024ರ ನವೆಂಬರಲ್ಲಿ ಎಐ ಕಂಪನಿ ಆಂಥ್ರೊಪಿಕ್‌ನವರು ಬಿಟ್ಟಿದ್ದು. ಗ್ರಫಾನಾದವರದ್ದೇ ಒಂದು ಓಪನ್ ಸೋರ್ಸ್ ಎಂಸಿಪಿ ಸರ್ವರ್ ಇದೆ. ಏಜೆಂಟ್ ಪ್ರೊಮೀಥಿಯಸ್‌ನ ಪ್ರಶ್ನೆ ಭಾಷೆ ಪ್ರಾಮ್‌ಕ್ಯೂಎಲ್‌ನಲ್ಲಿ ಕ್ವೆರಿ ಬರೆದು ಕೊಡತ್ತೆ, ಸರ್ವರ್ ಅದನ್ನ ಓಡ್ಸಿ ಉತ್ತರ ತರತ್ತೆ.

ಉಳಿದರ್ಧ ಕಷ್ಟ ಇರೋದು ಖಾಲಿ ಉತ್ತರದಲ್ಲಿ. ಇಲ್ಲದಿರೋ ಮೆಟ್ರಿಕ್ ಹೆಸ್ರು ಕೊಟ್ರೆ ಪ್ರೊಮೀಥಿಯಸ್ ಎರರ್ ಕೊಡಲ್ಲ ನೋಡಿ, ಸಕ್ಸೆಸ್ ಅಂತಾನೇ ಹೇಳಿ ಖಾಲಿ ಲಿಸ್ಟ್ ವಾಪಸ್ ಕಳಿಸತ್ತೆ. ಏಜೆಂಟ್‌ಗೆ ನಿಮ್ಮಲ್ಲಿ ಯಾವ ಹೆಸ್ರಿದೆ ಗೊತ್ತಿಲ್ಲ, ಸಾಮಾನ್ಯವಾಗಿ ಇರೋ ಒಂದು ಹೆಸ್ರನ್ನ ಊಹೆ ಮಾಡಿ ಕ್ವೆರಿ ಬರಿಯತ್ತೆ, ಖಾಲಿ ಬರತ್ತೆ, ತಕ್ಷಣ ‘ಕಳೆದ ಒಂದ್ ಗಂಟೇಲಿ ಯಾವ ಎರರೂ ಇಲ್ಲ’ ಅಂತ ಧೈರ್ಯವಾಗಿ ಹೇಳ್ಬಿಡತ್ತೆ, ಅತ್ತ ಕಸ್ಟಮರ್ ಪೇಮೆಂಟ್ ಆಗ್ತಿಲ್ಲ ಅಂತ ಬಾಯಿ ಬಡ್ಕೋತಿರ್ತಾನೆ. ಇದರಲ್ಲಿ ಇನ್ನೊಂದು ಗಂಟು ಬೇರೆ: ಎಷ್ಟೋ ಆ್ಯಪ್‌ಗಳಲ್ಲಿ 500 ಕೋಡಿನ (ಸರ್ವರ್ ಎರರ್) ಸೀರೀಸು ಮೊದಲ್ನೇ ಎರರ್ ಬಂದಮೇಲೇ ಹುಟ್ಟೋದು, ಹಂಗಾಗಿ ಕೆಲವು ಸಲ ಖಾಲಿ ಅಂದ್ರೆ ನಿಜವಾಗ್ಲೂ ಸೊನ್ನೇನೇ!

ಅದಕ್ಕೇ ಕ್ವೆರಿ ಓಡ್ಸೋ ಟೂಲ್ ಒಂದೇ ಕೊಟ್ರೆ ಸಾಲ್ದು, ಮೆಟ್ರಿಕ್ ಹೆಸ್ರು, ಲೇಬಲ್ಲು (ಯಾವ ಸರ್ವರ್, ಯಾವ ಕೋಡ್ ಅನ್ನೋ ಗುರುತು) ಹುಡುಕೋ ಟೂಲೂ ಕೊಡಿ, ಹುಡುಕಿ ಆದ್ಮೇಲೇ ಕ್ವೆರಿ ಬರೀಬೇಕು ಅಂತ ಸೂಚನೇಲಿ ಹಾಕಿ. ನೀವೇ ಟೂಲ್ ಬರಿಯೋದಾದ್ರೆ ಖಾಲಿ ಬಂದಾಗ ‘ಈ ಹೆಸ್ರಿನ ಮೆಟ್ರಿಕ್ಕೇ ಇಲ್ಲ’, ‘ಮೆಟ್ರಿಕ್ ಇದೆ, ಈ ಲೇಬಲ್‌ಗೆ ಡೇಟಾ ಇಲ್ಲ’, ‘ಟಾರ್ಗೆಟ್ಟೇ ಡೌನ್ ಆಗಿದೆ’ ಅಂತ ಬೇರೆ ಬೇರೆ ಹೇಳೋ ಹಂಗೆ ಮಾಡಿ. ಟಾರ್ಗೆಟ್, ಅಂದ್ರೆ ಸ್ಕ್ರೇಪ್ ಆಗೋ ಸರ್ವರ್ರು, ಬದುಕಿದ್ಯಾ ಅನ್ನೋದು ‘ಅಪ್’ ಅನ್ನೋ ಮೆಟ್ರಿಕ್ಕಲ್ಲೇ ಸಿಗತ್ತೆ, 1 ಇದ್ರೆ ಸ್ಕ್ರೇಪ್ ಆಗಿದೆ, 0 ಇದ್ರೆ ಇಲ್ಲ. ನನ್ ಕೇಳಿದ್ರೆ ಚೆಂದದ ಗ್ರಾಫ್ ಬಿಡಿಸೋದಕ್ಕಿಂತ ಈ ಮೂರು ಸಾಲಿನ ಮೆಸೇಜ್ ಮೇಲೆ ಟೈಮ್ ಹಾಕೋದು ವಾಸಿ. ಮತ್ತೆ ಪ್ರತೀ ನಂಬರ್ ಜೊತೆ ಕ್ವೆರಿ ಯಾವುದು, ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ, ಐಎಸ್‌ಟಿನಾ ಯುಟಿಸಿನಾ ಅನ್ನೋದನ್ನ ತೋರ್ಸೋಕೆ ಹೇಳಿ, ಐದೂವರೆ ಗಂಟೆ ಆಚೀಚೆ ಆಗಿ ಸಂಬಂಧಾನೇ ಇಲ್ಲದ ಡಿಪ್ಲಾಯ್‌ಮೆಂಟನ್ನ (ಹೊಸ ಕೋಡ್ ಹಾಕಿದ್ದನ್ನ) ಬೈಯೋದು ಹೊಸದೇನಲ್ಲ.

ಪ್ರಶ್ನೆ: ನಾಲ್ಕು ಸರ್ವರ್‌ಗಳ ಪಿ99 (ನೂರಕ್ಕೆ 99 ರಿಕ್ವೆಸ್ಟ್ ಎಷ್ಟು ಟೈಮ್ ಒಳಗೆ ಮುಗಿಯತ್ತೆ ಅನ್ನೋದು) ತಗೊಂಡು ಏಜೆಂಟ್ ಸರಾಸರಿ ಮಾಡಿ ಕೊಡ್ತಿದೆ. ಸರಿನಾ?
– ಮೈಸೂರಿನ ಓದುಗರು

ಉತ್ತರ: ತಪ್ಪು. ಒಂದು ಸರ್ವರ್‌ಗೆ 10,000 ರಿಕ್ವೆಸ್ಟ್ ಬಂದು ಪಿ99 200 ಮಿಲಿಸೆಕೆಂಡ್, ಇನ್ನೊಂದಕ್ಕೆ ಬರೀ 100 ಬಂದು 3 ಸೆಕೆಂಡ್ ಅನ್ಕೊಳ್ಳಿ, ಸರಾಸರಿ 1.6 ಸೆಕೆಂಡ್ ಬರತ್ತೆ, ನೂರಕ್ಕೂ ಹತ್ತು ಸಾವಿರಕ್ಕೂ ಒಂದೇ ತೂಕ ಕೊಟ್ಟಂಗಾಯ್ತು. ಹಿಸ್ಟೋಗ್ರಾಮ್ ಬಕೆಟ್‌ಗಳ (ಇಷ್ಟು ಟೈಮ್ ಒಳಗೆ ಎಷ್ಟು ರಿಕ್ವೆಸ್ಟ್ ಮುಗೀತು ಅನ್ನೋ ಎಣಿಕೆಗಳ) ರೇಟನ್ನ ಮೊದ್ಲು ಕೂಡಿಸ್ಬೇಕು, ಆಮೇಲೆ ಪಿ99 ಥರದ ಕ್ವಾಂಟೈಲ್ ತೆಗೀಬೇಕು. ಇಂಥವನ್ನ ಏಜೆಂಟ್ ಪ್ರತೀ ಸಲ ಹೊಸದಾಗಿ ಬರಿಯೋದಕ್ಕೆ ಬಿಡೋ ಬದ್ಲು ರೆಕಾರ್ಡಿಂಗ್ ರೂಲ್ (ಪ್ರೊಮೀಥಿಯಸ್ ಮೊದ್ಲೇ ಲೆಕ್ಕ ಹಾಕಿಡೋ, ಹೆಸ್ರಿರೋ ಕ್ವೆರಿ) ಮಾಡಿಟ್ಟು ಹೆಸ್ರು ಹೇಳಿಕೊಟ್ಬಿಡಿ.

ಪ್ರಶ್ನೆ: ಏಜೆಂಟ್‌ಗೆ ಆ್ಯಕ್ಸೆಸ್ ಕೊಡೋದು ಅಪಾಯ ಅಲ್ವಾ?
– ಮಂಗಳೂರಿನ ಓದುಗರು

ಉತ್ತರ: ಓದೋಕಷ್ಟೇ ಕೊಡಿ. ಗ್ರಫಾನಾದಲ್ಲಿ ವ್ಯೂವರ್ ರೋಲ್ ಇರೋ ಸರ್ವೀಸ್ ಅಕೌಂಟ್ ಬೇರೆಯಾಗಿ ಮಾಡಿ, ನಿಮ್ಮ ಅಡ್ಮಿನ್ ಟೋಕನ್ ಅಂತೂ ಬೇಡ್ವೇ ಬೇಡ. ಲಾಗ್‌ಗಳನ್ನೂ ಜೋಡಿಸ್ತಿದ್ರೆ ಹುಷಾರು, ಹೊರಗಿನವರು ಟೈಪ್ ಮಾಡಿದ್ದು, ಬ್ರೌಸರ್ ಹೆಸ್ರಿನ ಜಾಗದಲ್ಲಿ ತುರುಕಿದ್ದು ಎಲ್ಲಾ ಅಲ್ಲಿ ಬಂದು ಕೂತಿರತ್ತೆ, ಅದರಲ್ಲಿ ‘ಹಿಂದಿನ ಸೂಚನೆ ಮರೆತು ಹೀಗೆ ಮಾಡು’ ಅಂತ ಇದ್ರೆ ಏಜೆಂಟ್ ಅದನ್ನೂ ಆಜ್ಞೆ ಅಂತ ತಗೊಂಡ್ಬಿಡಬಹುದು. ಇನ್ನು ಭಾರದ ವಿಷ್ಯ. ಅಲರ್ಟ್ ಕೊಡೋದೂ ಅದೇ ಪ್ರೊಮೀಥಿಯಸ್ ತಾನೇ, ಏಜೆಂಟ್ ತಿಂಗಳುಗಟ್ಟಲೆ ಡೇಟಾ ಕೇಳ್ತಾ ಕೂತ್ರೆ ಅಲರ್ಟೇ ತಡ ಆಗಬಹುದು. ಕ್ವೆರಿ ಟೈಮ್‌ಔಟ್ ಡಿಫಾಲ್ಟ್ 2 ನಿಮಿಷ ಇರತ್ತೆ, ಏಜೆಂಟ್ ಕ್ವೆರಿಗಳಿಗೆ ಅದನ್ನ ಹತ್ತಿಪ್ಪತ್ತು ಸೆಕೆಂಡಿಗೆ ಇಳಿಸಿ.