ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿದರೆ ಕಾಲೇಜಿನ ನೆಟ್‌ವರ್ಕ್ ಸರಿಹೋಗುತ್ತದೆಯೇ?

ದಯವಿಟ್ಟು ಆಫ್ ಮಾಡಬೇಡಿ. ನಿಮ್ಮಲ್ಲಿ ಪ್ರತಿ ಬ್ಲಾಕಿಗೂ ಎರಡೆರಡು ಫೈಬರ್ ಇದೆ ಎಂದು ಬರೆದಿದ್ದೀರಿ. ಅಂದರೆ ಲೂಪ್ (ಡೇಟಾ ಕೊನೆಯಿಲ್ಲದೆ ಸುತ್ತಬಲ್ಲ ವರ್ತುಲ) ಈಗಾಗಲೇ ಇದೆ, ಇಂಥ ಲೂಪ್ ತಡೆಯಲೆಂದೇ ಸ್ವಿಚ್ಚಿನೊಳಗೆ ಇರುವ ಸ್ಪ್ಯಾನಿಂಗ್ ಟ್ರೀ ಅದರಲ್ಲಿ ಒಂದು ಕೊಂಡಿಯನ್ನು ತಡೆದು ಹಿಡಿದುಕೊಂಡಿದೆ. ಆಫ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಕ್ಯಾಂಪಸ್ ಪೂರ್ತಿ ನಿಂತುಹೋಗುತ್ತದೆ.

ನಿಮ್ಮ ಪ್ರಶ್ನೆಯ ಸಾರ ನಾನು ತಿಳಿದಂತೆ ಹೀಗಿದೆ: ಮೂರು ಬ್ಲಾಕ್, ಸರ್ವರ್ ರೂಮಿನಲ್ಲಿ ಎರಡು ಸಿಸ್ಕೊ ಕೋರ್ ಸ್ವಿಚ್ (ಎಲ್ಲ ಬ್ಲಾಕುಗಳೂ ಬಂದು ಸೇರುವ ಮುಖ್ಯ ಸ್ವಿಚ್), ಲ್ಯಾಬ್‌ಗಳಲ್ಲಿ ಹಳೆಯ ಸಿಸ್ಕೊ ಸ್ವಿಚ್‌ಗಳು, ಸ್ಟಾಫ್ ರೂಮುಗಳಲ್ಲಿ ಅಂಗಡಿಯಿಂದ ತಂದ ಎಂಟು ಪೋರ್ಟಿನ ಸಣ್ಣ ಸ್ವಿಚ್‌ಗಳು. ಬೆಳಿಗ್ಗೆ ಲ್ಯಾಬ್ ತೆರೆಯುವ ಹೊತ್ತಿಗೆ ಮತ್ತು ಸಂಜೆ ಮುಚ್ಚುವ ಹೊತ್ತಿಗೆ ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ ಕಾಲ ಎಲ್ಲವೂ ನಿಲ್ಲುತ್ತದೆ, ತಾನಾಗಿ ಮರಳುತ್ತದೆ. ಕಳೆದ ವಾರ ಒಮ್ಮೆ ಮಾತ್ರ ಮರಳಲೇ ಇಲ್ಲ, ಎಲ್ಲ ಸ್ವಿಚ್ಚಿನ ದೀಪಗಳೂ ಒಟ್ಟಿಗೆ ಪಟಪಟನೆ ಮಿಟುಕುತ್ತಿದ್ದವು, ಎಲ್ಲವನ್ನೂ ಪವರ್ ಆಫ್ ಮಾಡಿ ಆನ್ ಮಾಡಿದಿರಿ. ಸ್ವಿಚ್ ಕೊಟ್ಟವರು ಸ್ಪ್ಯಾನಿಂಗ್ ಟ್ರೀ ತೆಗೆದುಹಾಕಿ ಅನ್ನುತ್ತಿದ್ದಾರೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಟ್ಟಿಗೆ ನೋಡಿದರೆ ಗೋಜಲಾಗುತ್ತದೆ, ಬಿಡಿಸಿ ನೋಡೋಣ.

ಮೊದಲು ಆ ಮುಕ್ಕಾಲು ನಿಮಿಷದ ನಿಲುಗಡೆ. ಆ ಅವಧಿಯೇ ದೊಡ್ಡ ಸುಳಿವು. ಸ್ಪ್ಯಾನಿಂಗ್ ಟ್ರೀಯ ಹಳೆಯ 802.1ಡಿ ಪದ್ಧತಿಯಲ್ಲಿ ರೂಟ್ ಬ್ರಿಡ್ಜ್ (ಎಲ್ಲಕ್ಕೂ ಬುಡವಾಗಿ ಆಯ್ಕೆಯಾದ ಸ್ವಿಚ್) ಎರಡು ಸೆಕೆಂಡಿಗೊಮ್ಮೆ ಬಿಪಿಡಿಯು ಎಂಬ ಸಂದೇಶ ಕಳಿಸುತ್ತದೆ. ಅದು ಬರುವುದು ನಿಂತರೆ ಉಳಿದ ಸ್ವಿಚ್‌ಗಳು 20 ಸೆಕೆಂಡ್ ಕಾಯುತ್ತವೆ, ಆಮೇಲೆ ಪೋರ್ಟ್ ಲಿಸನಿಂಗ್‌ನಲ್ಲಿ 15, ಲರ್ನಿಂಗ್‌ನಲ್ಲಿ 15 ಸೆಕೆಂಡ್ ಕಳೆದು ಫಾರ್ವರ್ಡಿಂಗ್‌ಗೆ, ಅಂದರೆ ಡೇಟಾ ಸಾಗಿಸುವ ಸ್ಥಿತಿಗೆ, ಬರುತ್ತದೆ. ಆ 20 ಸೆಕೆಂಡ್ ಕಾಯಬೇಕಿಲ್ಲದಿದ್ದರೆ 30, ಕಾಯಬೇಕಾದರೆ ಒಟ್ಟು 50 ಸೆಕೆಂಡ್. ರೇಡಿಯಾ ಪರ್ಲ್‌ಮನ್ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದಾಗ 1985ರಲ್ಲಿ ಇದನ್ನು ರೂಪಿಸಿದರು, 1990ರಲ್ಲಿ ಐಇಇಇ ಪ್ರಮಾಣಕವಾಯಿತು. ಆ ಕಾಲಕ್ಕೆ ಅಷ್ಟು ಹೊತ್ತು ಕಾಯುವುದು ದೊಡ್ಡ ವಿಷಯವಾಗಿರಲಿಲ್ಲ. ನಿಮ್ಮಲ್ಲಿ ನಿಲುಗಡೆ ಇದೇ ಅಳತೆಗೆ ಕೂರುತ್ತಿದೆ ಎಂದರೆ ದಿನಕ್ಕೆರಡು ಸಲ ರೂಟ್ ಬದಲಾಗುತ್ತಿದೆ ಎಂಬ ಗುಮಾನಿ ನನ್ನದು.

ಹೇಗೆ? ರೂಟ್ ಆಯ್ಕೆಯ ನಿಯಮ ಸರಳ: ಯಾರ ಬ್ರಿಡ್ಜ್ ಐಡಿ ಕಡಿಮೆಯೋ ಅವರೇ ರೂಟ್. ಐಡಿಯಲ್ಲಿ ಮೊದಲ ಭಾಗ ಪ್ರಯಾರಿಟಿ, ಎರಡನೆಯದು ಮ್ಯಾಕ್ ಅಡ್ರೆಸ್ (ತಯಾರಕರು ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ). ಯಾರೂ ಕೈಹಾಕದಿದ್ದರೆ ಎಲ್ಲ ಸ್ವಿಚ್ಚಿನ ಪ್ರಯಾರಿಟಿಯೂ 32768. ಆಗ ತೀರ್ಮಾನ ಮ್ಯಾಕ್ ಅಡ್ರೆಸ್‌ಗೆ ಬೀಳುತ್ತದೆ, ಮತ್ತು ಸಾಮಾನ್ಯವಾಗಿ ಕಡಿಮೆ ಮ್ಯಾಕ್ ಇರುವುದು ಹಳೆಯ ಸ್ವಿಚ್‌ಗೆ. ಹಾಗಾಗಿ ಲಕ್ಷಾಂತರ ರೂಪಾಯಿ ಕೊಟ್ಟು ತಂದ ಕೋರ್ ಸ್ವಿಚ್ ಸುಮ್ಮನಿರುತ್ತದೆ, ಮೂಲೆಯ ಲ್ಯಾಬಿನ ಬೆಂಚಿನ ಕೆಳಗೆ ದೂಳು ತಿನ್ನುತ್ತಿರುವ ಹಳೆಯ ಸ್ವಿಚ್ ಇಡೀ ಕ್ಯಾಂಪಸ್ಸಿಗೆ ರೂಟ್ ಆಗಿರುತ್ತದೆ. ಸಂಜೆ ಅಟೆಂಡರ್ ಲ್ಯಾಬಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದರೆ ರೂಟ್ ಸತ್ತಿತು, ಬೆಳಿಗ್ಗೆ ಆನ್ ಮಾಡಿದರೆ ಅದು ಮತ್ತೆ ಬಂದು ರೂಟ್ ಪಟ್ಟ ಕಸಿದುಕೊಂಡಿತು. ಲ್ಯಾಬಿನ ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಹೋದಾಗಲೂ ಇದೇ ಕಥೆ. ಲ್ಯಾಬ್ ಸ್ವಿಚ್ಚಿಗೆ ಎರಡೂ ಕೋರ್‌ಗಳಿಂದ ಕೇಬಲ್ ಇದ್ದರೆ ಇನ್ನೊಂದು ಹಾನಿಯೂ ಇದೆ: ಕೋರ್‌ಗಳ ನಡುವಿನ ಲಿಂಕೇ ಬ್ಲಾಕ್ ಆಗಿ, ಸರ್ವರ್ ಟ್ರಾಫಿಕ್ ಲ್ಯಾಬಿನ 100 ಎಂಬಿಪಿಎಸ್ ಪೋರ್ಟಿನಲ್ಲಿ ನುಸುಳಿ ಹೋಗುತ್ತಿರುತ್ತದೆ.

ಇದು ಊಹೆಯೋ ನಿಜವೋ ನೋಡುವುದು ಸುಲಭ. ಕೋರ್‌ನಲ್ಲಿ ಶೋ ಸ್ಪ್ಯಾನಿಂಗ್-ಟ್ರೀ ರೂಟ್ ಕೊಡಿ. ಪ್ರತಿ ವೀಲ್ಯಾನ್‌ಗೂ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಒಳಜಾಲ) ರೂಟ್ ಯಾರು, ಅದರ ಕಡೆಗೆ ಹೋಗುವ ಪೋರ್ಟ್ ಯಾವುದು ಎಂದು ತೋರಿಸುತ್ತದೆ. ಶೋ ಸಿಡಿಪಿ ನೇಬರ್ಸ್ ಕೊಟ್ಟು ಆ ಪೋರ್ಟಿನಾಚೆ ಇರುವ ಸ್ವಿಚ್ ಯಾವುದೆಂದು ತಿಳಿದು, ಅದಕ್ಕೆ ಲಾಗಿನ್ ಆಗಿ, ಅಲ್ಲೂ ಅದೇ ಕಮಾಂಡ್ ಕೊಡಿ. ಯಾವ ಸ್ವಿಚ್‌ನಲ್ಲಿ ರೂಟ್ ಪೋರ್ಟ್ ಖಾಲಿ ಇದೆಯೋ ಅದೇ ರೂಟ್. ಸಂಖ್ಯೆ 32778 ಎಂದು ಕಂಡರೆ ಗಾಬರಿ ಬೇಡ, ಅದು 32768ಕ್ಕೆ ವೀಲ್ಯಾನ್ ಸಂಖ್ಯೆ 10 ಸೇರಿದ್ದು. ವೀಲ್ಯಾನ್ ಸಂಖ್ಯೆ ಹೀಗೆ ಒಳಗೆ ಕೂರುವುದರಿಂದಲೇ ಪ್ರಯಾರಿಟಿಯನ್ನು 4096ರ ಗುಣಕಗಳಲ್ಲಿ ಮಾತ್ರ ಕೊಡಲು ಬರುತ್ತದೆ.

ಪರಿಹಾರ ಎರಡು ಸಾಲು. ಮೊದಲ ಕೋರ್‌ಗೆ ಎಲ್ಲ ವೀಲ್ಯಾನ್‌ಗಳಿಗೂ ಪ್ರಯಾರಿಟಿ 4096, ಎರಡನೆಯದಕ್ಕೆ 8192. ರೂಟ್ ಪ್ರೈಮರಿ ಎಂಬ ಸುಲಭದ ಕಮಾಂಡ್ ಇದೆ, ನನಗೆ ಅದು ಹಿಡಿಸುವುದಿಲ್ಲ. ಅದು ಆ ಕ್ಷಣದ ರೂಟ್ ನೋಡಿ ಒಂದು ಸಂಖ್ಯೆ ಬರೆದು ಸುಮ್ಮನಾಗುತ್ತದೆ, ನಾಳೆ ಇನ್ನೂ ಕಡಿಮೆ ಪ್ರಯಾರಿಟಿಯ ಸ್ವಿಚ್ ಬಂದರೆ ಅದನ್ನು ತಡೆಯುವುದಿಲ್ಲ. ಸಂಖ್ಯೆಯನ್ನು ನಾವೇ ಬರೆದರೆ ಮುಂದೆ ಕಾನ್ಫಿಗ್ ಓದುವವರಿಗೂ ಉದ್ದೇಶ ಗೊತ್ತಾಗುತ್ತದೆ. ಬದಲಾಯಿಸುವಾಗ ಮತ್ತೊಂದು ನಿಲುಗಡೆ ಆಗಿಯೇ ಆಗುತ್ತದೆ, ಭಾನುವಾರ ಇಟ್ಟುಕೊಳ್ಳಿ.

ಬೆಳಿಗ್ಗೆ ಕೆಲವು ಪಿಸಿಗಳಿಗೆ 169.254ರಿಂದ ಶುರುವಾಗುವ ಐಪಿ, ಅಂದರೆ ಸರ್ವರ್‌ನಿಂದ ವಿಳಾಸ ಸಿಗದಾಗ ಪಿಸಿ ತಾನೇ ಇಟ್ಟುಕೊಳ್ಳುವ ವಿಳಾಸ, ಬರುತ್ತದೆ ಎಂದೂ ಬರೆದಿದ್ದೀರಿ. ಅದೂ ಇದರ ನಂಟೇ. ಪೋರ್ಟ್‌ಫಾಸ್ಟ್ (ಪಿಸಿ ಪೋರ್ಟನ್ನು ಕಾಯಿಸದೆ ತಕ್ಷಣ ತೆರೆಯುವ ಸೆಟ್ಟಿಂಗ್) ಇಲ್ಲದ ಪೋರ್ಟ್ ಫಾರ್ವರ್ಡಿಂಗ್‌ಗೆ ಬರಲು 30 ಸೆಕೆಂಡ್ ಬೇಕು, ಅಷ್ಟರಲ್ಲಿ ಐಪಿ ಕೇಳುವ ಪಿಸಿಯ ಡಿಎಚ್‌ಸಿಪಿ ಕೂಗಿ ಕೂಗಿ ಸೋತಿರುತ್ತದೆ. ಇನ್ನೊಂದು ಕೆಡುಕು ಕಣ್ಣಿಗೆ ಬೀಳುವುದಿಲ್ಲ. ಪೋರ್ಟ್‌ಫಾಸ್ಟ್ ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿ ಪಿಸಿ ಆನ್ ಮಾಡಿದರೂ ಆಫ್ ಮಾಡಿದರೂ ಸ್ವಿಚ್ ಅದನ್ನು ಟೋಪಾಲಜಿ ಚೇಂಜ್ (ಜಾಲದ ರಚನೆ ಬದಲಾಯಿತು) ಎಂದು ರೂಟ್‌ಗೆ ವರದಿ ಮಾಡುತ್ತದೆ. ರೂಟ್ ಎಲ್ಲರಿಗೂ ಹೇಳುತ್ತದೆ, ಎಲ್ಲ ಸ್ವಿಚ್‌ಗಳೂ ಮ್ಯಾಕ್ ಟೇಬಲ್ಲಿನ (ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ) ಆಯಸ್ಸನ್ನು 300 ಸೆಕೆಂಡಿನಿಂದ 15ಕ್ಕೆ ಇಳಿಸುತ್ತವೆ. ಮರೆತ ಮ್ಯಾಕ್‌ಗಳಿಗೆ ಹೋಗಬೇಕಾದ ಫ್ರೇಮ್‌ಗಳನ್ನು ಎಲ್ಲ ಪೋರ್ಟಿಗೂ ಸುರಿಯುತ್ತವೆ. ಲ್ಯಾಬಿಗೆ ಒಂದು ಬ್ಯಾಚ್ ಬಂದು ಇನ್ನೊಂದು ಹೋಗುವಾಗ ನೆಟ್ ನಿಧಾನವಾಗುವುದಕ್ಕೆ ಎಷ್ಟೋ ಕಡೆ ಕಾರಣ ಇದೇ, ಬೈಗುಳ ಮಾತ್ರ ಇಂಟರ್ನೆಟ್ ಕೊಟ್ಟವರಿಗೆ.

ಹಾಗಾಗಿ ನಿಮಗೆ ಮುಖ್ಯವಾದ ಕಮಾಂಡ್ ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್. ಅದರಲ್ಲಿ ಎಷ್ಟು ಟೋಪಾಲಜಿ ಚೇಂಜ್ ಆಗಿದೆ, ಕೊನೆಯದು ಎಷ್ಟು ಹೊತ್ತಿನ ಹಿಂದೆ, ಯಾವ ಪೋರ್ಟಿನಿಂದ ಬಂತು ಎಂಬ ಸಾಲು ಇರುತ್ತದೆ. ಕೋರ್‌ನಿಂದ ಶುರುಮಾಡಿ, ಆ ಪೋರ್ಟಿನಾಚೆಯ ಸ್ವಿಚ್‌ಗೆ ಹೋಗಿ, ಅಲ್ಲಿ ಮತ್ತೆ ಅದೇ ಸಾಲು ಓದಿ, ಮುಂದಕ್ಕೆ ಹೋಗಿ. ಜಾಡು ಹಿಡಿದು ನಡೆದರೆ ಕೊನೆಗೆ ಒಂದು ಪಿಸಿ ಪೋರ್ಟಿಗೋ, ಬಂದು ಹೋಗಿ ಮಾಡುವ ಸಡಿಲ ಫೈಬರಿಗೋ ಹೋಗಿ ನಿಲ್ಲುತ್ತೀರಿ. ಸ್ಪ್ಯಾನಿಂಗ್ ಟ್ರೀ ಸಮಸ್ಯೆ ಎಂದು ನನ್ನ ಬಳಿ ಬಂದವುಗಳಲ್ಲಿ ಬಹುಪಾಲು ಈ ಒಂದು ಸಾಲಿನ ಬೆನ್ನುಹತ್ತಿಯೇ ಬಗೆಹರಿದಿವೆ.

ಇನ್ನು ಕಳೆದ ವಾರದ ಘಟನೆ. ಅದು ಬ್ರಾಡ್‌ಕಾಸ್ಟ್ ಸ್ಟಾರ್ಮ್, ಅಂದರೆ ಎಲ್ಲರಿಗೂ ಹೋಗುವ ಸಂದೇಶಗಳ ಬಿರುಗಾಳಿ, ಅನುಮಾನವೇ ಇಲ್ಲ. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಎಂಬ ಆಯಸ್ಸಿನ ಎಣಿಕೆ ಇದೆ, ಸುತ್ತಿ ಸುತ್ತಿ ಕೊನೆಗೆ ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅದಿಲ್ಲ. ಲೂಪ್ ಸಿಕ್ಕರೆ ಒಂದೇ ಒಂದು ಎಆರ್‌ಪಿ ಬ್ರಾಡ್‌ಕಾಸ್ಟ್ (ಈ ಐಪಿ ಯಾರದೆಂದು ಎಲ್ಲರನ್ನೂ ಕೇಳುವ ಸಂದೇಶ) ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಎಲ್ಲ ಪೋರ್ಟಿಗೂ ಒಂದೊಂದು ನಕಲು ಎಸೆಯುತ್ತದೆ.

ಸ್ಪ್ಯಾನಿಂಗ್ ಟ್ರೀ ಆನ್ ಇದ್ದೂ ಲೂಪ್ ಹೇಗಾಯಿತು? ಬಿಪಿಡಿಯು ದಾಟಲಾರದ ಜಾಗದಲ್ಲಿ ಅದು ಕುರುಡು. ನಿಮ್ಮಲ್ಲಿ ನನ್ನ ಮೊದಲ ಅನುಮಾನ ಸ್ಟಾಫ್ ರೂಮಿನ ಸಣ್ಣ ಸ್ವಿಚ್‌ಗಳ ಮೇಲೆ. ಇವುಗಳಲ್ಲಿ ಕೆಲವು ಬಿಪಿಡಿಯುವನ್ನು ದಾಟಿಸುತ್ತವೆ, ಕೆಲವು ನುಂಗಿಬಿಡುತ್ತವೆ. ನುಂಗುವ ಸ್ವಿಚ್ಚಿನಲ್ಲಿ ಯಾರಾದರೂ ಒಂದೇ ಕೇಬಲ್ಲಿನ ಎರಡೂ ತುದಿ ಚುಚ್ಚಿದರೆ ಮೇಲಿನ ಸ್ವಿಚ್‌ಗೆ ಏನೂ ತಿಳಿಯುವುದಿಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಮೇಜುಗಳನ್ನು ಸರಿಸಿದವರು ಐಪಿ ಫೋನಿನ ಎರಡೂ ಪೋರ್ಟನ್ನು ಗೋಡೆಯ ಎರಡು ಪಾಯಿಂಟಿಗೆ ಸಿಕ್ಕಿಸಿದ್ದರು. ಕೇಬಲ್ ನೇತಾಡುತ್ತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂಬ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅದು.

ಎರಡನೆಯ ಅನುಮಾನ ಬಿಪಿಡಿಯು ಫಿಲ್ಟರ್, ಅಂದರೆ ಪೋರ್ಟಿನಲ್ಲಿ ಬಿಪಿಡಿಯುವನ್ನು ತಡೆಯುವ ಸೆಟ್ಟಿಂಗ್. ಕಾನ್ಫಿಗ್‌ನಲ್ಲಿ ಆ ಪದ ಹುಡುಕಿ. ಪೋರ್ಟಿನ ಮೇಲೆ ಹಾಕಿದ ಫಿಲ್ಟರ್ ಎಂದರೆ ಅಲ್ಲಿ ಸ್ಪ್ಯಾನಿಂಗ್ ಟ್ರೀ ಇಲ್ಲವೆಂದೇ ಲೆಕ್ಕ. ಬಿಪಿಡಿಯು ಗಾರ್ಡ್ (ಬಿಪಿಡಿಯು ಬಂದರೆ ಪೋರ್ಟನ್ನೇ ಮುಚ್ಚುವ ಸೆಟ್ಟಿಂಗ್) ಎಂದುಕೊಂಡು ಫಿಲ್ಟರ್ ಹಾಕಿದವರು ಬಹಳ. ಮೂರನೆಯದು ಫೈಬರ್: ಎರಡೆಳೆಯಲ್ಲಿ ಒಂದು ಮಾತ್ರ ಕೆಟ್ಟು, ಪೋರ್ಟ್ ಮಾತ್ರ ಅಪ್ ಆಗಿಯೇ ಉಳಿದರೆ, ಬ್ಲಾಕ್ ಆಗಿದ್ದ ಪೋರ್ಟಿಗೆ ಬಿಪಿಡಿಯು ಕೇಳಿಸುವುದು ನಿಲ್ಲುತ್ತದೆ. ಎದುರಿಗೆ ಯಾರೂ ಇಲ್ಲವೆಂದುಕೊಂಡು ಅದು ತೆರೆದುಕೊಳ್ಳುತ್ತದೆ, ಲೂಪ್ ಪೂರ್ಣವಾಗುತ್ತದೆ.

ಮತ್ತೆ ಸ್ಟಾರ್ಮ್ ಬಂದರೆ ಎಲ್ಲವನ್ನೂ ಆಫ್ ಮಾಡಬೇಡಿ. ಸ್ವಿಚ್ಚಿನ ಲಾಗ್ ಮೆಮೊರಿಯಲ್ಲಿರುತ್ತದೆ, ಪವರ್ ಹೋದರೆ ಸಾಕ್ಷಿಯೂ ಹೋಗುತ್ತದೆ. ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಆಗ ಕೈಕೊಡುವುದರಿಂದ ಕನ್ಸೋಲ್ ಕೇಬಲ್ ಮತ್ತು ಲ್ಯಾಪ್‌ಟಾಪ್ ಸರ್ವರ್ ರೂಮಿನಲ್ಲೇ ಇರಲಿ. ಕೋರ್‌ನ ಲಾಗ್‌ನಲ್ಲಿ ಮ್ಯಾಕ್ ಫ್ಲಾಪ್ ಎಂಬ ಸಾಲು ಹುಡುಕಿ, ಒಂದೇ ಮ್ಯಾಕ್ ಯಾವ ಎರಡು ಪೋರ್ಟುಗಳ ನಡುವೆ ಓಡಾಡುತ್ತಿದೆ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಆಮೇಲೆ ಶೋ ಇಂಟರ್‌ಫೇಸಸ್‌ನಲ್ಲಿ ಇನ್‌ಪುಟ್ ರೇಟ್ ಮಾತ್ರ ನೋಡಿ. ಸ್ಟಾರ್ಮ್ ಹೊತ್ತಿನಲ್ಲಿ ಔಟ್‌ಪುಟ್ ಎಲ್ಲ ಪೋರ್ಟಿನಲ್ಲೂ ಜಾಸ್ತಿ ಇರುತ್ತದೆ, ಅವೆಲ್ಲ ಹೊಡೆತ ತಿನ್ನುತ್ತಿರುವವು. ಇನ್‌ಪುಟ್ ಜಾಸ್ತಿ ಇರುವ ಪೋರ್ಟ್ ಲೂಪಿನ ಕಡೆಗೆ ಬೆರಳು ತೋರಿಸುತ್ತದೆ. ಆ ಕಡೆಯ ಕೇಬಲ್ ಕೀಳಿ, ಕೆಲವು ಸೆಕೆಂಡ್ ನೋಡಿ, ದೀಪಗಳು ಶಾಂತವಾದರೆ ಆ ಬ್ಲಾಕಿಗೆ ನಡೆದು ಅಲ್ಲಿ ಇದೇ ಕೆಲಸ ಮುಂದುವರಿಸಿ. ಒಂದು ಸಲಕ್ಕೆ ಒಂದೇ ಕೇಬಲ್. ಹತ್ತು ಕಿತ್ತರೆ ಯಾವುದು ಕಾರಣವೆಂದು ಯಾರಿಗೂ ತಿಳಿಯುವುದಿಲ್ಲ.

ಸರಿಪಡಿಸುವ ಕ್ರಮ ಹೀಗಿರಲಿ. ಪಿಸಿ, ಪ್ರಿಂಟರ್, ಗೋಡೆ ಪಾಯಿಂಟುಗಳ ಪೋರ್ಟಿಗೆಲ್ಲ ಪೋರ್ಟ್‌ಫಾಸ್ಟ್, ಜೊತೆಗೇ ಬಿಪಿಡಿಯು ಗಾರ್ಡ್. ಒಂದನ್ನು ಬಿಟ್ಟು ಇನ್ನೊಂದು ಬೇಡ. ಗಾರ್ಡ್ ಪೋರ್ಟನ್ನು ಎರರ್-ಡಿಸೇಬಲ್ ಮಾಡಿ ಮುಚ್ಚಿದಾಗ ದೂರು ಬರುತ್ತದೆ, ಬರಲಿ. 300 ಸೆಕೆಂಡಿಗೆ ತಾನಾಗಿ ಮರಳುವಂತೆ ಇಡಲು ಬರುತ್ತದೆ, ಮೊದಲ ತಿಂಗಳು ಇಡಬೇಡಿ. ಯಾರು ಎಲ್ಲಿ ಏನು ಚುಚ್ಚುತ್ತಿದ್ದಾರೆ ಎಂದು ನಿಮಗೆ ತಿಳಿಯಬೇಕು. ಬಿಪಿಡಿಯು ನುಂಗುವ ಸಣ್ಣ ಸ್ವಿಚ್‌ಗಳಿಗೆ ಗಾರ್ಡ್ ಸಾಲದು, ಅವುಗಳ ಪೋರ್ಟಿಗೆ ಬ್ರಾಡ್‌ಕಾಸ್ಟ್ ಮಿತಿ ಮೀರಿದರೆ ತಡೆಯುವ ಸ್ಟಾರ್ಮ್ ಕಂಟ್ರೋಲ್ ಹಾಕಿ. ಸಾಮಾನ್ಯ ದಿನದ ಬ್ರಾಡ್‌ಕಾಸ್ಟ್ ಎಷ್ಟೆಂದು ಅಳೆದ ಮೇಲೆಯೇ ಮಿತಿ ಬರೆಯಿರಿ. ಕೋರ್‌ನಿಂದ ಬ್ಲಾಕ್‌ಗಳಿಗೆ ಇಳಿಯುವ ಪೋರ್ಟುಗಳಿಗೆ ರೂಟ್ ಗಾರ್ಡ್ (ಆ ಕಡೆಯ ಸ್ವಿಚ್ ರೂಟ್ ಆಗದಂತೆ ತಡೆಯುವುದು), ಆದರೆ ಎರಡು ಕೋರ್‌ಗಳ ನಡುವಿನ ಲಿಂಕಿಗೆ ಬೇಡ. ಬ್ಲಾಕ್ ಸ್ವಿಚ್‌ಗಳಿಂದ ಮೇಲೆ ಹೋಗುವ ಪೋರ್ಟಿಗೆ ಲೂಪ್ ಗಾರ್ಡ್ (ಬಿಪಿಡಿಯು ನಿಂತರೂ ಬ್ಲಾಕ್ ಆದ ಪೋರ್ಟ್ ತೆರೆಯದಂತೆ ತಡೆಯುವುದು), ಫೈಬರ್‌ನ ಎರಡೂ ತುದಿಗೆ ಯುಡಿಎಲ್‌ಡಿ (ಒಂದೇ ಎಳೆ ಕೆಟ್ಟರೆ ಪತ್ತೆಹಚ್ಚುವುದು).

ಇಷ್ಟಾದ ಮೇಲೆ ಸ್ಪ್ಯಾನಿಂಗ್ ಟ್ರೀಯ ವೇಗದ ರೂಪವಾದ ರ‍್ಯಾಪಿಡ್-ಪಿವಿಎಸ್‌ಟಿಗೆ ಬನ್ನಿ. ಇದರ ಮೂಲ 802.1ಡಬ್ಲ್ಯೂ 2001ರದ್ದು, ಲಿಂಕ್ ಹೋದರೆ ಬಹುತೇಕ ಒಂದೆರಡು ಸೆಕೆಂಡಿನೊಳಗೆ ಸುಧಾರಿಸಿಕೊಳ್ಳುತ್ತದೆ. ಪೋರ್ಟ್‌ಫಾಸ್ಟ್ ಮುಂಚೆಯೇ ಆಗಿರಬೇಕು ಎನ್ನುವುದಕ್ಕೆ ಕಾರಣವಿದೆ: ಹೊಸ ಲಿಂಕ್ ತೆರೆಯುವ ಮುನ್ನ ರ‍್ಯಾಪಿಡ್ ಪದ್ಧತಿಯು ಎಡ್ಜ್ (ಪೋರ್ಟ್‌ಫಾಸ್ಟ್ ಹಾಕಿದ ಪೋರ್ಟ್) ಎಂದು ಗುರುತಿಸದ ಪೋರ್ಟುಗಳನ್ನು ಒಮ್ಮೆ ಮುಚ್ಚುತ್ತದೆ, ಪಿಸಿ ಪೋರ್ಟುಗಳು ಎಡ್ಜ್ ಆಗಿರದಿದ್ದರೆ ಮತ್ತೆ 30 ಸೆಕೆಂಡ್ ಕಾಯುತ್ತಾ ಕೂರುತ್ತವೆ.

ಸ್ವಿಚ್‌ನಿಂದ ಸ್ವಿಚ್‌ಗೆ, ಅದರಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋದ ಸರಪಳಿ ಎಷ್ಟು ಉದ್ದವಿದೆ ಎಂದೂ ಒಮ್ಮೆ ಎಣಿಸಿ. ಸ್ಪ್ಯಾನಿಂಗ್ ಟ್ರೀಯ ಮಾಮೂಲಿ ಟೈಮರ್‌ಗಳು ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಸ್ವಿಚ್ ಎಂಬ ಲೆಕ್ಕದ ಮೇಲೆ ನಿಂತಿವೆ. 2002ರ ನವೆಂಬರ್‌ನಲ್ಲಿ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸುಮಾರು ನಾಲ್ಕು ದಿನ ಬಿದ್ದು ಎದ್ದು ಮಾಡಿತು, ವೈದ್ಯರೂ ನರ್ಸ್‌ಗಳೂ ಕಾಗದದ ಮೇಲೆ ಬರೆದು ಆಸ್ಪತ್ರೆ ನಡೆಸಿದರು. ವರ್ಷಗಳಿಂದ ತುಂಡು ತುಂಡಾಗಿ ಸೇರಿಸುತ್ತಾ ಬಂದ ಜಾಲ ಆ ಮಿತಿಯನ್ನು ದಾಟಿತ್ತು. ಅಲ್ಲಿನ ಐಟಿ ಮುಖ್ಯಸ್ಥ ಜಾನ್ ಹಲಮ್ಕಾ ಅದನ್ನು ಮುಚ್ಚಿಡದೆ ಎಲ್ಲರೆದುರು ಹೇಳಿಕೊಂಡರು, ಅದಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ. ನಿಮ್ಮ ಸ್ಟಾಫ್ ರೂಮಿನ ಸಣ್ಣ ಸ್ವಿಚ್ಚಿನಿಂದ ಇನ್ನೊಂದು ಸಣ್ಣ ಸ್ವಿಚ್ಚಿಗೆ ಎಳೆದ ಕೇಬಲ್‌ಗಳನ್ನು ಮೊದಲು ತೆಗೆಸಿ, ಗೋಡೆಯಿಂದ ನೇರ ಪಾಯಿಂಟ್ ಹಾಕಿಸಿ.

ಭಾನುವಾರದ ಕೆಲಸಕ್ಕೆ ಮುನ್ನ ಎರಡೂ ಕೋರ್‌ಗಳಿಂದ ಶೋ ಸ್ಪ್ಯಾನಿಂಗ್-ಟ್ರೀ ರೂಟ್, ಮೊದಲ ಕೋರ್‌ನಿಂದ ಶೋ ಸ್ಪ್ಯಾನಿಂಗ್-ಟ್ರೀ ಡೀಟೇಲ್, ಜೊತೆಗೆ ಲ್ಯಾಬ್ ಸ್ವಿಚ್‌ಗಳ ಮಾಡೆಲ್ ಸಂಖ್ಯೆ ಇಲ್ಲಿ ಹಾಕಿ. ಪಾಸ್‌ವರ್ಡ್ ಸಾಲುಗಳಿದ್ದರೆ ಅಳಿಸಿ. ಪ್ರಯಾರಿಟಿ ಬದಲಾಯಿಸಿದರೆ ಯಾವ ಪೋರ್ಟ್ ಬ್ಲಾಕ್ ಆಗಿ ಯಾವುದು ತೆರೆಯುತ್ತದೆ ಎಂದು ಚಿತ್ರ ಬರೆದು ತೋರಿಸುತ್ತೇನೆ.