ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಲಾ, ಬೇಡ್ವಾ?

ನಿಮಗೆ 46 ವರ್ಷ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 178 ಬಂದಿದೆ, ಡಾಕ್ಟರು ಅಟೋರ್ವಾಸ್ಟಾಟಿನ್ 10 ಬರೆದಿದ್ದಾರೆ. "ಒಮ್ಮೆ ಹಿಡಿದರೆ ಸಾಯೋತನಕ ಬಿಡೋ ಹಾಗಿಲ್ಲ, ಸ್ನಾಯು ಬೇರೆ ತಿಂದುಹಾಕುತ್ತೆ" ಅಂತ ಮನೆಯವರು ಹೆದರಿಸುತ್ತಿದ್ದಾರೆ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ?

ನಾನು ಡಾಕ್ಟರಲ್ಲ. ಮನೆ ಡೊಂಬಿವಲಿ, ಕೆಲಸ ಮುಂಬೈಯ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ. ಆರು ವರ್ಷದಿಂದ ಇದೇ ಮಾತ್ರೆ ನುಂಗುತ್ತಿದ್ದೇನೆ, ನಡುವೆ ಒಂದಷ್ಟು ತಿಂಗಳು ಬಿಟ್ಟು. ಆ ಬಿಟ್ಟ ಕತೆಯೇ ನಿಮಗೆ ಉಪಯೋಗಕ್ಕೆ ಬಂದೀತು.

ಶುರುವಿಗೆ ನನ್ನ ಎಲ್‌ಡಿಎಲ್ 182 ಇತ್ತು. ಎರಡು ತಿಂಗಳು ಮಾತ್ರೆ ತಗೊಂಡ ಮೇಲೆ 108. ಖುಷಿಯಾಯಿತು. ಆಮೇಲೆ ಒಂದು ಮಳೆಗಾಲ, ಸ್ಟೇಷನ್ ಸೇತುವೆ ಹತ್ತುವಾಗ ಮೀನಖಂಡ ಹಿಡಿದುಕೊಳ್ಳೋದಕ್ಕೆ ಶುರುವಾಯಿತು. ಅದೇ ವಾರ ಊರಿನ ಭಾವ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದರು, ನಿಮ್ಮ ಮನೆಯವರು ಹೇಳಿದ್ದೇ ಮಾತು. ಯಾರಿಗೂ ಹೇಳದೆ ಸ್ಟ್ರಿಪ್ಪನ್ನು ಗಲ್ಲಾದ ಡ್ರಾಯರಿನಲ್ಲಿ, ಹರಿದ ಹತ್ತರ ನೋಟುಗಳ ಕೆಳಗೆ ತಳ್ಳಿಬಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಎಲ್‌ಡಿಎಲ್ 176. ಕಾಲುನೋವು ಮಾತ್ರ ಇದ್ದಲ್ಲೇ ಇತ್ತು! ಡಾಕ್ಟರು ಕೇಳಿದ್ದು ಒಂದೇ ಮಾತು: "ಮಾತ್ರೆ ಬಿಟ್ಟ ಮೇಲೂ ನೋವಿದೆ ಅಂದರೆ, ಅದು ಮಾತ್ರೆಯ ನೋವು ಹೇಗಾಗುತ್ತೆ?" ಟಿಎಸ್‌ಎಚ್ ಅಂತ ಥೈರಾಯ್ಡ್‌ನ ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಮಂದವಾಗಿತ್ತು. ಥೈರಾಯ್ಡ್ ಮಂದವಾದರೆ ಮೈಕೈ ನೋಯುತ್ತೆ, ಕೊಲೆಸ್ಟ್ರಾಲೂ ಏರುತ್ತೆ. ಅದಕ್ಕೆ ಔಷಧಿ ತಗೊಂಡ ಮೇಲೆ ನೋವು ಹೋಯಿತು, ಎಲ್‌ಡಿಎಲ್ 158ಕ್ಕೆ ಬಂತು. ಅಷ್ಟು ಸಾಲದು, ನಮ್ಮಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಹಾಗಾಗಿ ಮತ್ತೆ ಅದೇ 10 ಮಿಲಿಗ್ರಾಂ. ಈಗ 95ರ ಆಸುಪಾಸಿನಲ್ಲಿದೆ. ನೀವು ಟಿಎಸ್‌ಎಚ್ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಕೇಳಿ.

"ಬಿಡೋ ಹಾಗಿಲ್ಲ" ಅನ್ನೋದು ಚಟದ ಮಾತಲ್ಲ. ಮೈಯಲ್ಲಿರುವ ಕೊಲೆಸ್ಟ್ರಾಲ್ ಹೆಚ್ಚಿನದು ಮೈ ತಾನೇ ಮಾಡಿಕೊಳ್ಳುವುದು, ಅದರಲ್ಲಿ ಲಿವರಿನದು ದೊಡ್ಡ ಪಾಲು. ಮಾತ್ರೆ ಆ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. ಬಿಟ್ಟರೆ ಲಿವರ್ ಹಳೇ ಚಾಳಿಗೆ ಬೀಳುತ್ತೆ, ಅಷ್ಟೇ. ಬೆಣ್ಣೆ ದೋಸೆ ಬಿಟ್ಟೂ ನನ್ನ ನಂಬರ್ ಸಾಕಷ್ಟು ಇಳಿಯದಿದ್ದುದು ಇದಕ್ಕೇ. (ಅಂದಹಾಗೆ ಸ್ಟ್ಯಾಟಿನ್ ಅನ್ನೋ ಈ ಜಾತಿಯ ಮೊದಲ ಔಷಧಿಯನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಕಂಡುಹಿಡಿದದ್ದು ಬೂಷ್ಟಿನಲ್ಲಿ. ಅಡುಗೆಮನೆಯಲ್ಲಿ ಬೂಷ್ಟು ಕಂಡರೆ ಹುಡುಗರಿಗೆ ಬೈಯುವವನು ನಾನು.)

ಸ್ನಾಯುನೋವು ಪೂರ್ತಿ ಸುಳ್ಳು ಅಂತಲ್ಲ. ಕೆಲವರಿಗೆ ನಿಜವಾಗಿಯೂ ಬರುತ್ತೆ. ಆದರೆ ಹಿಂದೆ ನೋವು, ಸುಸ್ತು ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಇಂಗ್ಲೆಂಡಿನಲ್ಲಿ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಬರೀ ಡಮ್ಮಿ ಮಾತ್ರೆ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು: ತೊಂದರೆಯಲ್ಲಿ 90% ಡಮ್ಮಿಯಲ್ಲೂ ಕಾಣಿಸಿತ್ತು. ತಡೆಯಲಾರದ ಮೈಕೈ ನೋವು, ಜೊತೆಗೆ ಮೂತ್ರ ಕೋಲಾದ ಬಣ್ಣ ಅಂದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಓಡಿ.

ಬೇರೆ ಯಾವ ಮಾತ್ರೆ ತಗೋತೀರಿ ಅಂತ ಅವರಿಗೆ ಮುಚ್ಚಿಡದೆ ಹೇಳಿ. ಗ್ರೇಪ್‌ಫ್ರೂಟ್ ಜ್ಯೂಸ್ ಜಾಸ್ತಿ ಕುಡಿದರೆ ಈ ಮಾತ್ರೆ ರಕ್ತದಲ್ಲಿ ಏರುತ್ತದೆ. ನಮ್ಮ ಚಕ್ಕೋತವೂ ಅದರ ನೆಂಟನೇ, ಅದನ್ನೂ ಕೇಳಿಕೊಳ್ಳಿ. ಸಕ್ಕರೆ ಸ್ವಲ್ಪ ಏರುವ ಸಾಧ್ಯತೆ ಇರುವುದರಿಂದ ನನಗೆ ವರ್ಷಕ್ಕೊಮ್ಮೆ ಅದನ್ನೂ ನೋಡುತ್ತಾರೆ. ಅಟೋರ್ವಾಸ್ಟಾಟಿನ್ ರಾತ್ರಿಯೇ ತಗೋಬೇಕು ಅಂತೇನಿಲ್ಲ, ದಿನಾ ಒಂದೇ ಹೊತ್ತಿಗಾದರೆ ಸಾಕು. ಈಗ ನನ್ನ ಸ್ಟ್ರಿಪ್ ಡ್ರಾಯರಿನಲ್ಲಿಲ್ಲ, ಟೂತ್‌ಬ್ರಷ್ ಲೋಟದಲ್ಲಿದೆ. ಬೆಳಗಿನ ಲೋಕಲ್ ತಪ್ಪಿದರೂ ಅದು ತಪ್ಪಲ್ಲ.